ಅಂಕೋರ್‌ನ ಅಪ್ಸರೆಯರು, ಫ್ನೋಮ್ ಪೆನ್‌ನ ಗುರುಗಳು

ಕಾಂಬೋಡಿಯಾದ ಸಿಯೆಮ್ ರೀಪ್‌ಗೆ ಹೋದವರೆಲ್ಲ ನಸುಕಿನಲ್ಲೇ ಎದ್ದು ಅಂಕೋರ್ ವಾಟ್ ಮುಂದೆ ಸೂರ್ಯೋದಯಕ್ಕೆ ಕಾಯುತ್ತಾರೆ. ನಾವೂ ಕಾದೆವು. ಚೆನ್ನಾಗಿತ್ತು. ಆದರೆ ನನ್ನ ಜೊತೆ ಬಂದಿದ್ದ ಅಕ್ಕ ಭರತನಾಟ್ಯ ಕಲಿಸುವವಳು. ಅವಳು ಕಾಂಬೋಡಿಯಾಕ್ಕೆ ಬಂದದ್ದೇ ಅಪ್ಸರೆಯರನ್ನು ನೋಡೋಕೆ. ಹಾಗಾಗಿ ದಿನದ ಬಹುಪಾಲು ಪ್ರೀಹ್ ಖಾನ್ ದೇವಾಲಯದಲ್ಲೇ ಕಳೆಯಿತು.

ಇದು ಇಲ್ಲಿನ ದೊರೆ ಏಳನೇ ಜಯವರ್ಮ ಕಟ್ಟಿಸಿದ್ದು, 1191ರಲ್ಲಿ. ಒಳಗೆ ನರ್ತಕಿಯರ ಅಂಗಳ ಎಂದು ಕರೆಯುವ ಭಾಗವಿದೆ. ಬಾಗಿಲುಗಳ ಮೇಲೆ ಸಾಲು ಸಾಲು ಅಪ್ಸರೆಯರು, ಮಂಡಿ ಅಗಲಿಸಿ ಕುಣಿಯುತ್ತಿದ್ದಾರೆ. "ನೋಡೇ, ಅರೆಮಂಡಿ!" ಎಂದಳು ಅಕ್ಕ. ಭರತನಾಟ್ಯದಲ್ಲಿ ಮಂಡಿ ಬಗ್ಗಿಸಿ ಅರ್ಧ ಕೂತಂತೆ ನಿಲ್ಲುವ ಭಂಗಿ ಅದು. ಪೂರ್ತಿ ಅದೇ ಅಲ್ಲ, ಆದರೆ ನೆಂಟಸ್ತಿಕೆ ಎದ್ದು ಕಾಣುತ್ತದೆ. ತಾ ಪ್ರೋಮ್ ದೇವಾಲಯದ 1186ರ ಶಾಸನದಲ್ಲಂತೂ ಅಲ್ಲಿನ ನರ್ತಕಿಯರ ಲೆಕ್ಕವೇ ಸಿಗುತ್ತದೆ: 615 ಜನ. ಇನ್ನೂ ಹಿಂದಕ್ಕೆ ಹೋದರೆ, ವಿಷ್ಣುವರ್ಧನ ಬೇಲೂರಿನ ಗುಡಿ ಕಟ್ಟಿಸಿದ ಕಾಲದಲ್ಲೇ ಅಂಕೋರ್ ವಾಟ್ ಕೂಡ ಮೇಲೇಳುತ್ತಿತ್ತು. ಎರಡೂ ವಿಷ್ಣುವಿಗೆಂದೇ ಕಟ್ಟಿದ ಗುಡಿಗಳು.

ರಾತ್ರಿ ಒಂದು ಹೋಟೆಲಿನಲ್ಲಿ ಊಟದ ಜೊತೆ ಅಪ್ಸರಾ ನೃತ್ಯ. ತಟ್ಟೆಗಳ ಸದ್ದೇ ಜಾಸ್ತಿ. ಇದು ಸಾವಿರ ವರ್ಷದ ನೃತ್ಯ ಎಂದು ನಿರೂಪಕರು ಹೇಳಿದರು. ಅಷ್ಟು ಸರಳವಿಲ್ಲ. ಅರಮನೆಯ ನೃತ್ಯಪರಂಪರೆ ಹಳೆಯದು, ನಿಜ. ಆದರೆ ಅಪ್ಸರಾ ನೃತ್ಯವನ್ನು ರಾಣಿ ಕೊಸ್ಸಮಕ್ ಕಳೆದ ಶತಮಾನದ ನಡುವಿನಲ್ಲಿ, ಅಂಕೋರ್‌ನ ಶಿಲ್ಪಗಳಿಂದ ಪ್ರೇರಣೆ ಪಡೆದು ಕಟ್ಟಿದರು. ಮುಖ್ಯ ಅಪ್ಸರೆಯಾಗಿ ಹೆಸರು ಮಾಡಿದವರು ಅವರ ಮೊಮ್ಮಗಳು, ರಾಜಕುಮಾರಿ ಬುಪ್ಪಾ ದೇವಿ. ಹೊಸದು ಅಂದ ಮಾತ್ರಕ್ಕೆ ಅದರ ಬೆಲೆ ಕಡಿಮೆಯಾಗಲ್ಲ. ನಾವು ಇವತ್ತು ವೇದಿಕೆಯಲ್ಲಿ ನೋಡುವ ಭರತನಾಟ್ಯವೂ ಕಳೆದ ಶತಮಾನದಲ್ಲಿ ರೂಪ ಪಡೆದದ್ದೇ, ಅಲ್ವಾ?

ನಿಜವಾದ ನೃತ್ಯ ನೋಡಿದ್ದು ರಾಜಧಾನಿ ಫ್ನೋಮ್ ಪೆನ್‌ನಲ್ಲಿ. ಅಲ್ಲಿನವರ ರಾಮಾಯಣದ ಒಂದು ಪ್ರಸಂಗ. ಹನುಮಂತ ಸೇತುವೆ ಕಟ್ಟಿಸುತ್ತಿದ್ದಾನೆ. ರಾವಣನ ಮಗಳು, ಮತ್ಸ್ಯಕನ್ಯೆ ಸೊವನ್ ಮಚ್ಛಾ, ಕಲ್ಲುಗಳನ್ನು ಕದಿಯುತ್ತಾಳೆ. ಹಿಡಿಯಲು ಹೋದ ಹನುಮಂತ ಅವಳಿಗೆ ಮನಸೋಲುತ್ತಾನೆ! ಬ್ರಹ್ಮಚಾರಿ ಹನುಮನನ್ನೇ ಕಂಡು ಬೆಳೆದ ನಮಗೆ ಒಂದು ಕ್ಷಣ ಗಾಬರಿ. ಆಮೇಲೆ ಅವಳ ಕೈಗಳಿಂದ ಕಣ್ಣು ಕೀಳಲು ಆಗಲಿಲ್ಲ. ಬೆರಳುಗಳು ಹಿಂದಕ್ಕೆ ಬಿಲ್ಲಿನಂತೆ ಬಾಗುತ್ತವೆ. ಉಡುಪು ಮೈಗೆ ಸರಿಯಾಗಿ ಕೂರಲೆಂದು ಅದನ್ನು ಕಲಾವಿದೆಯ ಮೈಮೇಲೇ ಹೊಲಿಯುತ್ತಾರೆ.

ಈ ನೃತ್ಯ ಇವತ್ತು ಉಳಿದಿರುವುದೇ ದೊಡ್ಡ ಮಾತು. 1975ರ ಏಪ್ರಿಲ್‌ನಲ್ಲಿ ಪೋಲ್ ಪಾಟ್ ನಾಯಕತ್ವದ ಕಮ್ಯುನಿಸ್ಟ್ ಖ್ಮೇರ್ ರೂಜ್ ಸೇನೆ ಫ್ನೋಮ್ ಪೆನ್ ಹಿಡಿದು, ಇಡೀ ಊರನ್ನೇ ಖಾಲಿ ಮಾಡಿಸಿತು. ಅರಮನೆಯ ನರ್ತಕಿ ಎಂದು ಗೊತ್ತಾದರೆ ಜೀವಕ್ಕೇ ಅಪಾಯ. 1979ರ ಜನವರಿಯಲ್ಲಿ ಆ ಆಡಳಿತ ಬೀಳುವಷ್ಟರಲ್ಲಿ ನರ್ತಕಿಯರು, ಗುರುಗಳು, ವಾದ್ಯದವರು ಬಹುಪಾಲು ಸತ್ತಿದ್ದರು. ಪ್ರೀಹ್ ಖಾನ್‌ನ ಅಪ್ಸರೆಯರು ಇದ್ದಲ್ಲೇ ಇದ್ದರು. ಆದರೆ ಕಲ್ಲು ಒಂದು ಭಂಗಿ ತೋರಿಸಬಹುದು ಅಷ್ಟೇ. ಆ ಭಂಗಿಗೆ ಹೇಗೆ ಬರಬೇಕು, ಅಲ್ಲಿಂದ ಎತ್ತ ಹೋಗಬೇಕು, ಎಷ್ಟು ಹೊತ್ತು ನಿಲ್ಲಬೇಕು ಅಂತ ಹೇಳೋಕೆ ಕುಣಿದವರೇ ಬೇಕು.

ಅಂಥವರಲ್ಲಿ ಒಬ್ಬರು ಚಿಯಾ ಸಾಮಿ. ಚಿಕ್ಕ ಹುಡುಗಿಯಾಗಿದ್ದಾಗಲೇ ಅರಮನೆ ಸೇರಿ ಕಲಿತವರು. ಅವರ ಗಂಡ ಪೋಲ್ ಪಾಟ್‌ನ ಅಣ್ಣ. ಹುಡುಗನಾಗಿದ್ದಾಗ ಪೋಲ್ ಪಾಟ್ ಇವರ ಮನೆಯಲ್ಲೇ ಇದ್ದ. ದೇಶವನ್ನು ಸ್ಮಶಾನ ಮಾಡುತ್ತಿರುವವನು ತಮ್ಮ ಮೈದುನನೇ ಎಂದು ಅವರಿಗೆ ಗೊತ್ತಾಗಿದ್ದು ಅವನ ಚಿತ್ರ ನೋಡಿದಾಗ. ನರಕ ಕಳೆದ ಮೇಲೆ ಅವರು ಫ್ನೋಮ್ ಪೆನ್‌ನ ಕಲಾಶಾಲೆಯಲ್ಲಿ ಮಕ್ಕಳಿಗೆ ಕಲಿಸಲು ಕೂತರು. ಬದುಕಿದ್ದವರು ತಮ್ಮ ತಮ್ಮ ನೆನಪನ್ನು ಒಟ್ಟುಗೂಡಿಸಿ, ಕಳೆದುಹೋದ ನೃತ್ಯಗಳನ್ನು ಮತ್ತೆ ಜೋಡಿಸಿದರು. 2003ರಲ್ಲಿ ಯುನೆಸ್ಕೋ ಈ ನೃತ್ಯವನ್ನು ಗುರುತಿಸಿತು. ಅದಕ್ಕಿಂತ ಎಷ್ಟೋ ಮೊದಲೇ ಕೆಲಸ ಇವರು ಮಾಡಿ ಮುಗಿಸಿದ್ದರು.

ಒಂದು ತರಗತಿಯನ್ನೂ ನೋಡಿದೆವು. ಪುಟ್ಟ ಮಕ್ಕಳು ನೆಲದ ಮೇಲೆ ಕೂತು ಬೆರಳು ಹಿಂದಕ್ಕೆ ಒತ್ತಿ ಬಗ್ಗಿಸುತ್ತಿದ್ದರು. ಗುರುಗಳು ಮಾತಾಡಿದ್ದು ಕಡಿಮೆ. ಬೆನ್ನು ನೇರ ಮಾಡಲು, ಮೊಣಕೈ ತಿರುಗಿಸಲು ಅವರ ಕೈಯೇ ಸಾಕಿತ್ತು. ಇವರಲ್ಲೂ ಗುರುಪೂಜೆ ಇದೆ, ಹೆಸರು ಸಂಪೇಹ್ ಕ್ರು. ಮುಖವಾಡಗಳನ್ನಿಟ್ಟು, ಹಣ್ಣು, ಊದುಬತ್ತಿ ಇಟ್ಟು, ಸಾಮಾನ್ಯವಾಗಿ ಗುರುವಾರದಂದೇ ಮಾಡುತ್ತಾರೆ. "ನಮ್ಮ ಗೆಜ್ಜೆಪೂಜೆಯ ದಿನ ನಾವೂ ಗುರುಗಳಿಗೆ ಹೀಗೇ ನಮಸ್ಕಾರ ಮಾಡಲ್ವೇನೇ" ಎಂದಳು ಅಕ್ಕ.

ಹೆಚ್ಚಿನ ಪ್ಯಾಕೇಜ್ ಟೂರುಗಳು ಅಂಕೋರ್‌ನಲ್ಲೇ ಮುಗಿದುಬಿಡುತ್ತವೆ. ಹೋಗುವವರು ಫ್ನೋಮ್ ಪೆನ್‌ಗೂ ಒಂದು ಸಂಜೆ ಇಟ್ಟುಕೊಳ್ಳಿ. ಅಕ್ಕನಂತೂ ಸಂಪೇಹ್ ಕ್ರು ನಡೆಯುವ ಹೊತ್ತು ನೋಡಿಕೊಂಡು, ತನ್ನ ಶಿಷ್ಯೆಯರನ್ನೂ ಕರೆದುಕೊಂಡು ಮತ್ತೆ ಹೊರಡುವ ತಯಾರಿಯಲ್ಲಿದ್ದಾಳೆ.