ಟ್ಯೂಬಿಂಗನ್‌ನಲ್ಲಿ ನೆನಪಾದ ಎರಡು ತರಗತಿಗಳು

ಬಿ.ಎಸ್ಸಿ.ಯಲ್ಲಿದ್ದ ನಮಗೆ ಕನ್ನಡ ಪಾಠವೆಂದರೆ ತುಸು ಉದಾಸೀನ. ಅದನ್ನು ಬಲ್ಲ ಕನ್ನಡದ ಸರ್ ಒಂದು ದಿನ ಗ್ರಂಥಾಲಯದಿಂದ ಕಿಟೆಲ್ ನಿಘಂಟನ್ನು ಎರಡೂ ಕೈಗಳಲ್ಲಿ ಹೊತ್ತು ತಂದು ಮೇಜಿನ ಮೇಲಿಟ್ಟರು. ಸುಮಾರು 70,000 ಪದಗಳ ಆ ಗ್ರಂಥ 1894ರಲ್ಲಿ ಅಚ್ಚಾದದ್ದು ನಮ್ಮ ಮಂಗಳೂರಿನಲ್ಲೇ ಎಂದಾಗ ಹಿಂದಿನ ಬೆಂಚಿನ ಗುಸುಗುಸು ನಿಂತಿತು. ಜೀವಶಾಸ್ತ್ರದ ಮೇಡಂ ಡಿಎನ್ಎ ಪಾಠದಲ್ಲಿ ಮೀಶರ್ ಎಂಬ ಹೆಸರನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದರು. ಪರೀಕ್ಷೆಗೆ ಬರುವುದಿಲ್ಲವೆಂದು ನಾವೂ ಅಡಿಗೆರೆ ಹಾಕಲಿಲ್ಲ.

ಈ ಇಬ್ಬರ ಪಾಠಗಳೂ ಒಂದೇ ಊರಿನಲ್ಲಿ ಕೂಡುತ್ತವೆಂದು ತಿಳಿದದ್ದು ಕಳೆದ ಬೇಸಗೆಯಲ್ಲಿ, ಜರ್ಮನಿಯ ಟ್ಯೂಬಿಂಗನ್‌ಗೆ ಹೋದಾಗ. ನೆಕಾರ್ ನದಿಯ ದಂಡೆಯ ಪುಟ್ಟ ಊರು. ವಿಶ್ವವಿದ್ಯಾಲಯ ಹುಟ್ಟಿದ್ದು 1477ರಲ್ಲಿ. ಖಗೋಳಶಾಸ್ತ್ರಜ್ಞ ಕೆಪ್ಲರ್, ತತ್ತ್ವಶಾಸ್ತ್ರಜ್ಞ ಹೆಗೆಲ್ ಓದಿದ್ದು ಇಲ್ಲೇ. 1797ರಲ್ಲಿ ಜರ್ಮನ್ ಕವಿ ಗಯಟೆ ಕೆಲವು ದಿನ ತಂಗಿದ್ದ ಮನೆಗೆ ‘ಇಲ್ಲಿ ಗಯಟೆ ವಾಸವಾಗಿದ್ದರು’ ಎಂಬ ಫಲಕವಿದೆ. ಪಕ್ಕದ ಕಟ್ಟಡದಲ್ಲಿ ‘ಇಲ್ಲಿ ಗಯಟೆ ವಾಂತಿ ಮಾಡಿಕೊಂಡರು’ ಎಂದೂ ಬರೆದಿದ್ದಾರೆ! ಹುಡುಗಾಟಕ್ಕೆ ದೇಶಭೇದವಿಲ್ಲ.

ಗುಡ್ಡದ ಮೇಲಿನ ಕೋಟೆಯೊಳಗೆ ಕಮಾನು ಚಾವಣಿಯ ಹಳೆಯ ಅಡುಗೆಮನೆಯಿದೆ. ಅರಮನೆಯವರಿಗೆ ಬೇಡವಾದ ಮೇಲೆ ಅದು ಪ್ರಯೋಗಾಲಯವಾಯಿತು. ಸಮೀಪದ ಆಸ್ಪತ್ರೆಯಿಂದ ತಂದ, ಕೀವು ಹತ್ತಿದ ಬ್ಯಾಂಡೇಜುಗಳನ್ನು ತೊಳೆದು, ಬಿಳಿ ರಕ್ತಕಣಗಳನ್ನು ಬೇರ್ಪಡಿಸಿ, ಅವುಗಳ ಕೋಶಕೇಂದ್ರದಿಂದ 1869ರಲ್ಲಿ ಫ್ರೀಡ್ರಿಕ್ ಮೀಶರ್ ತೆಗೆದ ವಸ್ತುವಿಗೆ ‘ನ್ಯೂಕ್ಲೀನ್’ ಎಂದು ಹೆಸರಿಟ್ಟರು. ಇಂದು ನಾವು ಡಿಎನ್ಎ ಎನ್ನುವುದು ಅದನ್ನೇ. ಕೀವಿನ ವಾಸನೆಯಲ್ಲಿ ದಿನಗಟ್ಟಲೆ ನಿಂತವರನ್ನು ಒಂದು ಸಾಲಿಗೆ ಇಳಿಸಿದ ಪಠ್ಯಪುಸ್ತಕದ ಮೇಲೆ ನನಗೆ ಅಲ್ಲೇ ಸಿಟ್ಟು ಬಂತು.

ಇನ್ನು ಕನ್ನಡಕ್ಕಾಗಿ ದುಡಿದ ನಮ್ಮವರು. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಆರಂಭಿಸಿದ ಹರ್ಮನ್ ಮೋಗ್ಲಿಂಗ್ ಈ ಊರಿನಲ್ಲಿ ಓದಿದವರು. ಇದೇ ವಿಶ್ವವಿದ್ಯಾಲಯ 1858ರಲ್ಲಿ ಅವರಿಗೂ 1896ರಲ್ಲಿ ಕಿಟೆಲರಿಗೂ ಗೌರವ ಡಾಕ್ಟರೇಟ್ ಕೊಟ್ಟಿತು. ಕಿಟೆಲ್ ಕೊನೆಯುಸಿರೆಳೆದದ್ದೂ ಇಲ್ಲೇ, 1903ರಲ್ಲಿ. ನಮ್ಮನ್ನು ಸುತ್ತಾಡಿಸಿದ ಮಾರ್ಗದರ್ಶಿ ಹೆಗೆಲ್ ಬಗ್ಗೆ ಹದಿನೈದು ನಿಮಿಷ ಹೇಳಿದರು, ಇವರಿಬ್ಬರ ಸುದ್ದಿ ಎತ್ತಲಿಲ್ಲ. ನಾನೇ ಹೇಳಿದೆ. ಆಕೆ ನಿಂತು, ಇಬ್ಬರ ಹೆಸರನ್ನೂ ಬರೆದುಕೊಂಡು, ನಿಘಂಟಿನ ಇಸವಿಯನ್ನು ಮತ್ತೊಮ್ಮೆ ಕೇಳಿದರು.