ಶ್ರೀಲಂಕಾಗೆ ಒಬ್ಬರೇ ಹೊರಟಿದ್ದರೆ ಮೊದಲು ಹುಣ್ಣಿಮೆ ಯಾವತ್ತು ನೋಡಿ

ಶ್ರೀಲಂಕಾಗೆ ಟಿಕೆಟ್ ಮಾಡುವ ಮುಂಚೆ ಮನೆಯ ಕ್ಯಾಲೆಂಡರಿನಲ್ಲಿ ಹುಣ್ಣಿಮೆ ಯಾವತ್ತು ಬಿದ್ದಿದೆ ನೋಡಿಕೊಳ್ಳಿ. ಅಲ್ಲಿ ಪ್ರತಿ ಹುಣ್ಣಿಮೆಯೂ ಸರ್ಕಾರಿ ರಜೆ. ‘ಪೋಯ’ ಎನ್ನುತ್ತಾರೆ. ಅವತ್ತು ಮದ್ಯ ಸಿಗುವುದಿಲ್ಲ, ಮಾಂಸದ ಅಂಗಡಿ ತೆರೆಯುವುದಿಲ್ಲ. ಒಂಟಿ ಪ್ರಯಾಣಿಕರಿಗೆ ನಿಜವಾಗಿ ತಟ್ಟುವುದು ಅದಲ್ಲ, ಜನಜಂಗುಳಿ. ಪೋಯ ಶುಕ್ರವಾರವೋ ಸೋಮವಾರವೋ ಬಂತೆಂದರೆ ಕ್ಯಾಂಡಿ, ನುವಾರ ಎಲಿಯ, ‘ಎಲ್ಲ’ ಎಂಬ ಗುಡ್ಡದ ಊರು, ಈ ಮೂರೂ ಕಡೆಗೆ ಅಲ್ಲಿನ ಜನವೇ ಕುಟುಂಬ ಸಮೇತ ಹೊರಡುತ್ತಾರೆ. ರೈಲು ಭರ್ತಿ, ರೂಮಿನ ಬಾಡಿಗೆ ಏರಿರುತ್ತದೆ. ಅಂಥ ವಾರಾಂತ್ಯದಲ್ಲಿ ಒಂದೇ ಊರಿನಲ್ಲಿ ಇದ್ದುಬಿಡುವುದು ಜಾಣತನ.

ಎರಡನೆಯದು ಮಳೆ. ದ್ವೀಪಕ್ಕೆ ಎರಡು ಮಳೆಗಾಲ. ಮೇಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಮಳೆ ಗಾಲೆ, ಮಿರಿಸ್ಸ ಮತ್ತು ಗುಡ್ಡಗಾಡನ್ನು ತೋಯಿಸುತ್ತದೆ, ಆಗ ಪೂರ್ವ ಕರಾವಳಿಯ ಟ್ರಿಂಕೋಮಲಿ ಕಡೆ ಬಿಸಿಲು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಇದು ತಿರುಗುಮುರುಗು. ನೋಡಬೇಕಾದದ್ದು ಕ್ಯಾಂಡಿ, ಎಲ್ಲ, ದಕ್ಷಿಣದ ಕಡಲು ಎಂದಾದರೆ ಜನವರಿಯಿಂದ ಮಾರ್ಚ್ ಒಳ್ಳೆಯದು. ನಮ್ಮ ಮಕ್ಕಳ ಬೇಸಿಗೆ ರಜೆಯ ಏಪ್ರಿಲ್‌ನಲ್ಲಿ ಹೋಗುವವರು 13, 14ರ ಸುಮಾರಿಗೆ ಬರುವ ಸಿಂಹಳ–ತಮಿಳು ಹೊಸ ವರ್ಷ ತಪ್ಪಿಸಿಕೊಳ್ಳಿ. ಆ ನಾಲ್ಕೈದು ದಿನ ಸಣ್ಣ ಊರುಗಳಲ್ಲಿ ಊಟದ ಅಂಗಡಿಯೂ ಮುಚ್ಚಿರುತ್ತದೆ.

ಭಾರತದ ಪಾಸ್‌ಪೋರ್ಟ್‌ಗೆ ಇಟಿಎ ಎಂಬ ಆನ್‌ಲೈನ್ ಅನುಮತಿ ಇದೆ. ಶುಲ್ಕ, ನಿಯಮ ಇತ್ತೀಚಿನ ವರ್ಷಗಳಲ್ಲಿ ಹಲವು ಸಲ ಬದಲಾಗಿವೆ, ಹಾಗಾಗಿ ಹಳೆಯ ವಿಡಿಯೊ ನಂಬದೆ ಸರ್ಕಾರಿ ಜಾಲತಾಣವನ್ನೇ ನೋಡಿ. ವಿಳಾಸ ‘ಜಿಒವಿ ಡಾಟ್ ಎಲ್‌ಕೆ’ ಎಂದು ಮುಗಿಯಬೇಕು. ಅದೇ ಮುಖದ ಖಾಸಗಿ ತಾಣಗಳು ಮೇಲೆ ಸೇವಾ ಶುಲ್ಕ ಕೀಳುತ್ತವೆ. 2024ರ ಫೆಬ್ರವರಿಯಿಂದ ಯುಪಿಐ ಬಂದಿದೆ, ಆದರೆ ಬಸ್ಸು, ಆಟೊ, ಎಳನೀರಿಗೆ ನಗದೇ ಬೇಕು. ಪ್ಲಗ್ ವಿಷಯವೂ ನೆನಪಿರಲಿ: ಹಳೆಯ ಮನೆಗಳಲ್ಲಿ ನಮ್ಮ ದುಂಡು ಪಿನ್ ಕೂರುತ್ತದೆ, ಹೊಸ ಕಟ್ಟಡಗಳಲ್ಲಿ ಚೌಕ ಪಿನ್ನಿನ ಮೂರು ತೂತು. ಅಡಾಪ್ಟರ್ ಒಂದಿರಲಿ.

ದಾರಿ ಹೀಗೆ ಹಾಕಿಕೊಂಡರೆ ಹತ್ತು ದಿನಕ್ಕೆ ಸರಿಹೋಗುತ್ತದೆ. ವಿಮಾನ ನಿಲ್ದಾಣ ಇರುವುದು ಕೊಲಂಬೊದಲ್ಲಿ ಅಲ್ಲ, ಮೂವತ್ತು ಕಿ.ಮೀ. ಉತ್ತರಕ್ಕೆ ಕಟುನಾಯಕದಲ್ಲಿ. ಸಂಜೆಯೋ ರಾತ್ರಿಯೋ ಇಳಿದರೆ ಕೊಲಂಬೊಗೆ ಹೋಗದೆ ಪಕ್ಕದ ನೆಗೊಂಬೊದಲ್ಲಿ ಮಲಗಿ, ಬೆಳಿಗ್ಗೆ ಕುರುಣೇಗಲ ಮೇಲೆ ಬಸ್ಸಿನಲ್ಲಿ ದಂಬುಲ್ಲ. ಸಿಗಿರಿಯದ ಬಂಡೆಕೋಟೆ, ಪೊಲೊನ್ನರುವದ ಹಳೆಯ ರಾಜಧಾನಿ ಸೇರಿ ಅಲ್ಲಿ ಎರಡು–ಮೂರು ದಿನ. ಆಮೇಲೆ ಕ್ಯಾಂಡಿ, ಅಲ್ಲಿಂದ ರೈಲಿನಲ್ಲಿ ಎಲ್ಲ, ಬಸ್ಸಿನಲ್ಲಿ ದಕ್ಷಿಣಕ್ಕಿಳಿದು ಮಿರಿಸ್ಸ, ಗಾಲೆ, ಕೊನೆಗೆ ಕೊಲಂಬೊ. ಅನುರಾಧಪುರವನ್ನೂ ಇದರಲ್ಲೇ ತುರುಕಿದರೆ ದಿನವೆಲ್ಲ ಬಸ್ಸಿನಲ್ಲೇ ಕಳೆಯುತ್ತದೆ.

ಬಸ್ಸು ಅಗ್ಗ, ಎಲ್ಲ ಕಡೆಗೂ ಇದೆ, ಬೋರ್ಡು ಸಿಂಹಳ, ತಮಿಳು, ಇಂಗ್ಲಿಷ್ ಮೂರರಲ್ಲೂ ಇರುತ್ತದೆ. ಸಿಂಹಳದ ಗುಂಡು ಅಕ್ಷರ ದೂರದಿಂದ ಕನ್ನಡದಂತೆಯೇ ಕಾಣುತ್ತದೆ, ಹತ್ತಿರ ಹೋದರೆ ಒಂದಕ್ಷರವೂ ಓದಲಾಗದು. ತಮಿಳು ಓದಲು ಬಂದರೆ ಅರ್ಧ ಕೆಲಸ ಮುಗಿದಂತೆ. ಇಲ್ಲೊಂದು ಎಡವಟ್ಟು ಕಾದಿದೆ. ಸ್ಥಳೀಯರ ಬಾಯಲ್ಲಿ ಬರಿ ‘ನುವಾರ’ ಎಂದರೆ ಕ್ಯಾಂಡಿ. ಕಂಡಕ್ಟರ್ ‘ನುವಾರ ನುವಾರ’ ಎಂದು ಕೂಗುವ ಬಸ್ಸು ಹತ್ತಿ ನುವಾರ ಎಲಿಯಕ್ಕೆ ಹೊರಟೆನೆಂದುಕೊಂಡರೆ ಇಳಿಯುವುದು ಕ್ಯಾಂಡಿಯಲ್ಲಿ. ಜಾಫ್ನಾ ಸಿಂಹಳದಲ್ಲಿ ‘ಯಾಪನಯ’. ಡ್ರೈವರ್ ಹಿಂದಿನ ಮೊದಲ ಸೀಟು ಭಿಕ್ಷುಗಳಿಗೆ ಮೀಸಲು, ಖಾಲಿಯಿದ್ದರೂ ಕೂರಬೇಡಿ. ಭಿಕ್ಷುವಿನ ಪಕ್ಕ ಹೆಂಗಸರು ಕೂರುವ ಪದ್ಧತಿ ಇಲ್ಲ. ದೊಡ್ಡ ಬ್ಯಾಗು ಇಡಲು ಜಾಗ ಕಡಿಮೆ. ಮಿನಿ ಬಸ್ಸಿನಲ್ಲಿ ಬ್ಯಾಗಿಗೂ ಒಂದು ಸೀಟಿನ ದುಡ್ಡು ಕೇಳುವುದುಂಟು, ನಲವತ್ತು ಲೀಟರಿನ ಬೆನ್ನುಚೀಲಕ್ಕಿಂತ ದೊಡ್ಡದು ಬೇಡ. ಕೊಲಂಬೊ, ಕ್ಯಾಂಡಿಯಲ್ಲಿ ಆಟೊಗೆ ಪಿಕ್‌ಮಿ ಆಪ್ ನಡೆಯುತ್ತದೆ. ಎಲ್ಲದಂಥ ಪ್ರವಾಸಿ ಊರಿನಲ್ಲಿ ಅದನ್ನು ನೆಚ್ಚಿಕೊಳ್ಳಲಾಗದು, ಗೆಸ್ಟ್‌ಹೌಸಿನವರನ್ನು ದರ ಕೇಳಿಕೊಂಡೇ ಹತ್ತಿ. ಬಾಡಿಗೆ ಸ್ಕೂಟರಿಗೆ ಭಾರತದ ಡಿಎಲ್ ಒಂದೇ ಸಾಲದು, ಅಲ್ಲಿನ ಅನುಮತಿ ಮಾಡಿಸಬೇಕು. ಇಲ್ಲದಿದ್ದರೆ ಅಪಘಾತವಾದಾಗ ವಿಮೆ ಕೈಕೊಡುತ್ತದೆ.

ಕ್ಯಾಂಡಿ–ಎಲ್ಲ ರೈಲಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ಆರೂವರೆ–ಏಳು ಗಂಟೆಯ ಹಾದಿ. ಮೀಸಲು ಟಿಕೆಟ್ ಮೂವತ್ತು ದಿನ ಮುಂಚೆ ತೆರೆದು, ಸೀಸನ್ನಿನಲ್ಲಿ ನಿಮಿಷಗಳಲ್ಲಿ ಖಾಲಿಯಾಗುತ್ತದೆ. ಒಬ್ಬರೇ ಹೋಗುವ ಲಾಭ ಇಲ್ಲಿದೆ: ಒಂದೇ ಸೀಟು ಬೇಕಾದ್ದರಿಂದ ಬಿಡಿ ಉಳಿದದ್ದು ಸಿಗುವ ಸಂಭವ ಹೆಚ್ಚು. ಮೊದಲ ದರ್ಜೆಯ ಎಸಿ ಬೋಗಿ ತಗೊಳ್ಳಬೇಡಿ. ಕಿಟಕಿ ತೆರೆಯುವುದಿಲ್ಲ, ಗಾಜಿನ ಮಂಕಿನಲ್ಲಿ ಚಹಾ ತೋಟ ನೋಡಿದ ಹಾಗಾಗುತ್ತದೆ. ಎರಡನೇ ಅಥವಾ ಮೂರನೇ ದರ್ಜೆಯ ಮೀಸಲು ಸೀಟೇ ಸರಿ. ಅದೂ ಸಿಗದಿದ್ದರೆ ಮೀಸಲಿಲ್ಲದ ಟಿಕೆಟ್ ಆ ದಿನವೇ ಕೌಂಟರಿನಲ್ಲಿ ಕೊಡುತ್ತಾರೆ, ಅದಕ್ಕೆ ಮಿತಿಯಿಲ್ಲ. ಹತ್ತುವುದು ಮಾತ್ರ ನಮ್ಮ ಹಬ್ಬದ ಜನರಲ್ ಬೋಗಿಯಂತೆ. ಏಳು ಗಂಟೆ ನಿಲ್ಲಲಾಗದವರಿಗೆ ಒಂದು ಉಪಾಯ: ನುವಾರ ಎಲಿಯವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಎಂಟು ಕಿ.ಮೀ. ದೂರದ ನಾನು ಓಯ ಸ್ಟೇಷನ್ನಿನಲ್ಲಿ ರೈಲು ಹಿಡಿಯಿರಿ. ಪಟ್ಟಿಪೊಲ, ಹಪುತಲೆ ಸುತ್ತಿನ ಚೆಂದದ ಹಾದಿ ಈ ಭಾಗದಲ್ಲೇ ಬರುತ್ತದೆ. ಇನ್ನೂ ಒಂದು ಮಾತು, ಕೊಲಂಬೊದಿಂದ ಬರುವ ಕೆಲವು ರೈಲುಗಳು ಕ್ಯಾಂಡಿ ಸ್ಟೇಷನ್ನಿಗೆ ಬರದೆ ಪೇರಾದೆಣಿಯ ಜಂಕ್ಷನ್ನಿನಿಂದಲೇ ಮುಂದೆ ಸಾಗುತ್ತವೆ. ಟಿಕೆಟ್ಟಿನಲ್ಲಿ ಹತ್ತುವ ಸ್ಟೇಷನ್ ಓದಿಕೊಳ್ಳಿ. ಬಾಗಿಲಲ್ಲಿ ಜೋತು ಬಿದ್ದು ಫೋಟೊ ತೆಗೆಸಿಕೊಳ್ಳುವ ಹುಚ್ಚು ಬೇಡ, ಸುರಂಗದ ಗೋಡೆಯೂ ಬಂಡೆಯೂ ಬೋಗಿಗೆ ಅಂಟಿದಷ್ಟು ಹತ್ತಿರ ಬರುತ್ತವೆ. ಮಳೆಗೆ ಮಣ್ಣು ಕುಸಿದು ಈ ಹಳಿ ಆಗಾಗ ಮುಚ್ಚುತ್ತದೆ. 2025ರ ನವೆಂಬರಿನ ದಿತ್ವಾ ಚಂಡಮಾರುತ ಗುಡ್ಡಗಾಡಿಗೆ ದೊಡ್ಡ ಪೆಟ್ಟು ಕೊಟ್ಟಿತು. ರೂಮು ಕಾಯ್ದಿರಿಸುವ ಮುಂಚೆ ಯಾವ ಸ್ಟೇಷನ್ನಿನವರೆಗೆ ರೈಲು ಓಡುತ್ತಿದೆ ಎಂದು ಕೇಳಿಕೊಳ್ಳುವುದು ಕಡ್ಡಾಯ.

ಊಟಕ್ಕೆ ಬಂದರೆ, ಅಲ್ಲಿಯೂ ‘ಹೋಟೆಲ್’ ಎಂಬ ಬೋರ್ಡಿದ್ದರೆ ನಮ್ಮಂತೆಯೇ ತಿನ್ನುವ ಜಾಗ ಎಂದರ್ಥ. ಮಧ್ಯಾಹ್ನದ ಅನ್ನ–ಕರಿ ಅಲ್ಲಿನ ನಿಜವಾದ ಊಟ: ಕೆಂಪಕ್ಕಿ ಅನ್ನ, ತೆಂಗಿನ ಹಾಲಿನ ಪರಿಪ್ಪು, ಅಂದರೆ ಬೇಳೆ, ಜೊತೆಗೆ ಮೂರ್ನಾಲ್ಕು ಪಲ್ಯ, ಹಪ್ಪಳ. ‘ಪೊಲೊಸ್’ ಸಿಕ್ಕರೆ ಬಿಡಬೇಡಿ, ಅದು ನಮ್ಮ ಗುಜ್ಜೆಯೇ, ಅಂದರೆ ಎಳೆ ಹಲಸು, ಕಪ್ಪಗೆ ಹುರಿದ ಮಸಾಲೆಯಲ್ಲಿ ಗಂಟೆಗಟ್ಟಲೆ ಬೆಂದದ್ದು. ‘ಗೊಟುಕೊಲ ಸಂಬೋಲ’ ಎಂದರೆ ಹೆಚ್ಚಿದ ಒಂದೆಲಗಕ್ಕೆ ತೆಂಗಿನ ತುರಿ, ಈರುಳ್ಳಿ, ನಿಂಬೆ. ತಂಬುಳಿ ತಿಂದು ಬೆಳೆದವರಿಗೆ ಹೊಸದೇನಲ್ಲ. ಅನ್ನ–ಕರಿ ಹನ್ನೆರಡರಿಂದ ಎರಡರ ಒಳಗೆ ಮಾತ್ರ ಚೆನ್ನಾಗಿರುತ್ತದೆ. ಸಂಜೆಯಾದರೆ ಕೊತ್ತು (ಕೊಚ್ಚಿ ಹುರಿದ ರೊಟ್ಟಿ), ಫ್ರೈಡ್ ರೈಸ್, ಆಪ್ಪ (ನಮ್ಮಲ್ಲಿನ ಅಪ್ಪಂ), ಇಷ್ಟೇ.

ಸಸ್ಯಾಹಾರಿಗಳು ಒಂದು ಪದ ಕಲಿತು ಹೋಗಲೇಬೇಕು: ಉಂಬಲಕಡ. ಕಲ್ಲಿನಷ್ಟು ಗಟ್ಟಿಯಾಗಿ ಒಣಗಿಸಿದ ಮಾಲ್ಡೀವ್ಸ್ ಮೀನಿನ ಚೂರು ಅದು. ತೆಂಗಿನಕಾಯಿ, ಒಣಮೆಣಸು, ಸಣ್ಣ ಈರುಳ್ಳಿ ಜೊತೆ ಕುಟ್ಟಿ ಪೊಲ್ ಸಂಬೋಲ ಮಾಡುವಾಗ ಇದನ್ನೂ ಒಂದು ಚಮಚ ಹಾಕುತ್ತಾರೆ. ಆಪ್ಪದ ಜೊತೆ ಕೊಡುವ ಕೆಂಪು ಲುಣುಮಿರಿಸ್‌ನಲ್ಲೂ, ಎಷ್ಟೋ ಸಲ ತರಕಾರಿ ಪಲ್ಯದಲ್ಲೂ ಇರುತ್ತದೆ. ‘ವೆಜ್’ ಎಂದು ಕೇಳಿದರೆ ಹೌದೆಂದೇ ಹೇಳುತ್ತಾರೆ, ಮೋಸವಲ್ಲ, ಅವರ ಲೆಕ್ಕದಲ್ಲಿ ಅದು ಉಪ್ಪು–ಹುಳಿಯಂತೆ ಒಂದು ರುಚಿ ಅಷ್ಟೆ. ‘ಮಸ್ ಎಪಾ, ಮಾಳು ಎಪಾ, ಉಂಬಲಕಡ ಎಪಾ’ ಎಂದು ಮೂರನ್ನೂ ಬಿಡಿಸಿ ಹೇಳಿ: ಮಾಂಸ ಬೇಡ, ಮೀನು ಬೇಡ, ಉಂಬಲಕಡ ಬೇಡ. ಬೇಕರಿಯ ತ್ರಿಕೋನದ ಬನ್ನು ‘ಮಾಳು ಪಾನ್’, ಒಳಗೆ ಮೀನು. ‘ಎಳವಳು ರೊಟಿ’ ಕೇಳಿ, ತರಕಾರಿಯದು. ಕೂತ ತಕ್ಷಣ ಮೇಜಿನ ಮೇಲೆ ತಟ್ಟೆ ತುಂಬ ಬೋಂಡ, ರೋಲ್ ತಂದಿಟ್ಟರೆ ಗಾಬರಿ ಬೇಡ, ತಿಂದಷ್ಟಕ್ಕೇ ಬಿಲ್ಲು. ಹಾಲಿನ ಚಹಾ ಹಾಲಿನ ಪುಡಿಯಲ್ಲಿ ಮಾಡಿದ್ದು, ನಮ್ಮ ನಾಲಿಗೆಗೆ ಒಗ್ಗುವುದು ಕಷ್ಟ. ಬೈನೆ ಮರದ ಕಿತುಲ್ ಬೆಲ್ಲವನ್ನು ಕಚ್ಚಿಕೊಂಡು ಕುಡಿಯುವ ಕಪ್ಪು ಚಹಾವೇ ವಾಸಿ.

ಸಿಗಿರಿಯ, ಪೊಲೊನ್ನರುವದಂಥ ಕಡೆ ವಿದೇಶಿಯರಿಗೆ ಟಿಕೆಟ್ ಡಾಲರಿನಲ್ಲಿ, ತುಟ್ಟಿ. ಸಾರ್ಕ್ ದೇಶದವರಿಗೆ ಹೆಚ್ಚುಕಡಿಮೆ ಅರ್ಧ ದರ ಇದೆ, ಆದರೆ ಪಾಸ್‌ಪೋರ್ಟ್ ತೋರಿಸಬೇಕು, ಬಾಯಿಬಿಟ್ಟು ಕೇಳಲೂ ಬೇಕು. ಸಿಗಿರಿಯಕ್ಕೆ ಸುಮಾರು 1200 ಮೆಟ್ಟಿಲು, ಬೆಳಿಗ್ಗೆ ಬಾಗಿಲು ತೆರೆಯುವಾಗಲೇ ನಿಂತಿರಿ. ಒಂಬತ್ತರ ನಂತರ ಬಂಡೆ ಕಾಯುತ್ತದೆ, ಕಬ್ಬಿಣದ ಏಣಿಯಲ್ಲಿ ಸಾಲು ನಿಲ್ಲುತ್ತದೆ. ಕಣಜದ ಗೂಡುಗಳಿರುವ ಕಡೆ ಸದ್ದು ಮಾಡಬೇಡಿ ಎಂಬ ಬೋರ್ಡು ತಮಾಷೆಗೆ ಹಾಕಿದ್ದಲ್ಲ. ಪೊಲೊನ್ನರುವವನ್ನು ಬಾಡಿಗೆ ಸೈಕಲ್ಲಿನಲ್ಲಿ ನೋಡಿ, ಜಾಗ ವಿಶಾಲ, ನೆಲ ಸಮತಟ್ಟು. ಬರಿಗಾಲಲ್ಲಿ ಬಿಸಿಕಲ್ಲು ತುಳಿಯಬೇಕಾಗುತ್ತದೆ, ಒಂದು ಜೊತೆ ಸಾಕ್ಸ್ ಇರಲಿ. ಬುದ್ಧನಿಗೆ ಬೆನ್ನು ತಿರುಗಿಸಿ ಸೆಲ್ಫಿ ತೆಗೆದರೆ ಕಾವಲುಗಾರರು ಗದರುತ್ತಾರೆ.

ಒಂಟಿ ಪ್ರಯಾಣಕ್ಕೆ ಜೇಬು ಸುಡುವುದು ಸಫಾರಿ ಜೀಪು. ಬಾಡಿಗೆ ತಲೆಗಲ್ಲ, ಇಡೀ ಜೀಪಿಗೆ. ಹಿಂದಿನ ಸಂಜೆಯೇ ಗೆಸ್ಟ್‌ಹೌಸಿನವರಿಗೆ ಹೇಳಿಟ್ಟರೆ ಇನ್ನಿಬ್ಬರು–ಮೂವರನ್ನು ಸೇರಿಸುತ್ತಾರೆ. ಆನೆಗೆ ವರ್ಷವಿಡೀ ಉಡವಲವೆ, ಆಗಸ್ಟ್–ಸೆಪ್ಟೆಂಬರಿನಲ್ಲಿ ಮಿನ್ನೇರಿಯ. ಚಿರತೆಯ ಆಸೆಗೆ ಯಾಲ, ಅಲ್ಲಿ ಜೀಪುಗಳೇ ಟ್ರಾಫಿಕ್ ಜಾಮ್ ಮಾಡಿಕೊಂಡಿರುತ್ತವೆ. ಸಿಂಹರಾಜ ಕಾಡಿನ ಇಂಬಳಗಳು ಆಗುಂಬೆಯವಕ್ಕೆ ಏನೂ ಕಡಿಮೆಯಿಲ್ಲ. ಹಬರಣ ಸುತ್ತಮುತ್ತ ಕತ್ತಲಾದ ಮೇಲೆ ಆಟೊದಲ್ಲಿ ಓಡಾಡಬೇಡಿ, ಕಾಡಾನೆ ರಸ್ತೆಗೇ ಬರುತ್ತದೆ. ದಕ್ಷಿಣದ ಕಡಲಲ್ಲಿ ಒಳಸೆಳೆತವಿದೆ, ಕಾವಲಿಲ್ಲದ ಕಡೆ ಒಬ್ಬರೇ ಇಳಿಯಬೇಡಿ. ಆಂಬುಲೆನ್ಸ್‌ಗೆ 1990, ಪೊಲೀಸರಿಗೆ 119.

ಇನ್ನೂ ನಾಲ್ಕು ದಿನ ರಜೆ ಇದ್ದರೆ ದಕ್ಷಿಣ ಬಿಟ್ಟು ಉತ್ತರಕ್ಕೆ, ಜಾಫ್ನಾಕ್ಕೆ ಹೋಗಿ. ಅಲ್ಲಿ ‘ಶೈವ’ ಎಂದು ಬರೆದ ಊಟದ ಮನೆಗಳಲ್ಲಿ ಉಂಬಲಕಡದ ಚಿಂತೆಯೇ ಇಲ್ಲ. ಬೆಂಗಳೂರಿನಲ್ಲಿ ಕಲಿತ ಹರಕು ತಮಿಳೂ ನಡೆಯುತ್ತದೆ. ನಲ್ಲೂರು ಕಂದಸ್ವಾಮಿ ದೇವಸ್ಥಾನದೊಳಗೆ ಗಂಡಸರು ಅಂಗಿ ಬಿಚ್ಚಿ ಹೋಗಬೇಕು. ನೈನಾತೀವು, ನೆಡುಂತೀವು ದ್ವೀಪಗಳಿಗೆ ದೋಣಿ ಹೊರಡುವುದು ಕುರಿಕಟ್ಟುವಾನ್ ಕಟ್ಟೆಯಿಂದ. ನೆಡುಂತೀವಿಗೆ ದೋಣಿ ಕಡಿಮೆ, ಬೆಳಗಿನದು ಹಿಡಿಯಿರಿ, ಇಳಿದ ಕೂಡಲೇ ವಾಪಸು ಬರುವ ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಕೇಳಿಕೊಂಡೇ ಮುಂದೆ ಹೆಜ್ಜೆಯಿಡಿ.