ಚಿತ್ರ ಕಣ್ಣೆದುರಿಗಿರುವಾಗ ಮಣ್ಣು ನೋಡುವುದೇಕೆ?

ಪ್ರಾಚೀನ ಗ್ರೀಕ್ ಮಡಕೆಗಳ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ: ಚಿತ್ರದ ಶೈಲಿಯಿಂದಲೇ ಊರು ತಿಳಿಯುತ್ತದಲ್ಲ, ಮತ್ತೆ ಚೂರಿನ ಅಂಚು ಮುರಿದು ಮಣ್ಣು ನೋಡುವುದೇಕೆ?

ಶೈಲಿಯನ್ನು ಯಾರು ಬೇಕಾದರೂ ಕಲಿತಾರು, ಮಣ್ಣು ಮಾತ್ರ ಆ ನೆಲದ್ದೇ. ಅದಕ್ಕಿಂತ ಮುಖ್ಯವಾಗಿ, ಚಿತ್ರ ಹೇಗೆ ಕಾಣಬೇಕೆಂಬುದರಲ್ಲಿ ಮಣ್ಣಿನ ಪಾಲು ದೊಡ್ಡದು. ಅಥೆನ್ಸಿನ ಮಣ್ಣಿನಲ್ಲಿ ಕಬ್ಬಿಣ ಹೆಚ್ಚು, ಸುಟ್ಟರೆ ಕಿತ್ತಳೆಗೆಂಪು. ಗ್ರೀಸಿನದೇ ಇನ್ನೊಂದು ನಗರವಾದ ಕೊರಿಂಥಿನ ಮಣ್ಣಿನಲ್ಲಿ ಸುಣ್ಣ ಹೆಚ್ಚು, ಸುಟ್ಟರೆ ಮಾಸಲು ಹಳದಿ. ಕಾವು ಏರಿದರೆ ಹಸಿರು ಛಾಯೆ.

ಅಥೆನ್ಸಿನ ಹೊಳೆಯುವ ಕಪ್ಪು ಬೇರೆಲ್ಲಿಂದಲೋ ತಂದ ಬಣ್ಣವಲ್ಲ, ಅದೂ ಮಣ್ಣೇ. ಕಬ್ಬಿಣ ಹೆಚ್ಚು, ಸುಣ್ಣ ಕಡಿಮೆ ಇರುವ ಜೇಡಿಮಣ್ಣನ್ನು ನೀರಿನಲ್ಲಿ ಕದಡಿ, ಒರಟು ಕಣಗಳು ತಳಕ್ಕಿಳಿದ ಮೇಲೆ ಉಳಿದ ನುಣುಪಾದ ತಿಳಿಯನ್ನು ಬಸಿದು, ಗಟ್ಟಿ ಮಾಡಿ ಬಳಿಯುತ್ತಿದ್ದರು. ಆವಿಗೆಯಲ್ಲಿ ಮೊದಲು ಗಾಳಿಯಾಡಲು ಬಿಟ್ಟು ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿದರೆ ಎಲ್ಲವೂ ಕೆಂಪು. ಆಮೇಲೆ ಗಾಳಿಕಂಡಿ ಮುಚ್ಚಿ, ಹಸಿ ಕಟ್ಟಿಗೆ ಹಾಕಿ 900ರ ಆಸುಪಾಸಿಗೆ ಒಯ್ದರೆ ಮಡಕೆಯಿಡೀ ಕಪ್ಪು. ಬಳಿದ ತಿಳಿ ಬೆಸೆದುಕೊಂಡು ಗಾಜಿನಂತಾಗುತ್ತದೆ. ಕಂಡಿ ಮತ್ತೆ ತೆರೆದು ಆರಲು ಬಿಟ್ಟಾಗ ಸೂಕ್ಷ್ಮ ರಂಧ್ರಗಳುಳ್ಳ ಮೈ ಆಮ್ಲಜನಕ ಹೀರಿ ಕೆಂಪಿಗೆ ಮರಳುತ್ತದೆ, ಬೆಸೆದ ಪದರದೊಳಕ್ಕೆ ಗಾಳಿ ನುಗ್ಗದೆ ಅಲ್ಲಿ ಕಪ್ಪು ಉಳಿಯುತ್ತದೆ. ನಡುವಿನ ಹಂತದಲ್ಲಿ ಕಾವು ಸಾಲದಿದ್ದರೆ ತಿಳಿ ಬೆಸೆಯದೆ ಅದೂ ಕೆಂಪಾಗಿಬಿಡುತ್ತದೆ. ಬಟ್ಟಲ ಮೇಲೆ ಬಟ್ಟಲು ಪೇರಿಸಿದಾಗ, ಮೇಲಿನದರ ಪಾದ ಕೂತ ಜಾಗಕ್ಕೆ ಹೊಗೆ ತಾಗದೆ ಕಪ್ಪಿನ ನಡುವೆ ಕೆಂಪು ವೃತ್ತ ಉಳಿದದ್ದುಂಟು. ಎಷ್ಟೋ ಬಟ್ಟಲುಗಳ ಒಳತಳದಲ್ಲಿ ಅದು ಇಂದಿಗೂ ಕಾಣುತ್ತದೆ.

ಈಗ ಕೊರಿಂಥಿಗೆ ಬನ್ನಿ. ಕ್ರಿ.ಪೂ. 6ನೇ ಶತಮಾನದಲ್ಲಿ ಅಥೆನ್ಸಿನ ಮಡಕೆಗಳು ಮಾರುಕಟ್ಟೆ ಹಿಡಿಯತೊಡಗಿದಾಗ, ಅಲ್ಲಿನ ಕೆಲವು ಕುಂಬಾರರು ತಮ್ಮ ಮಾಸಲು ಮೈಗೆ ಕಿತ್ತಳೆಗೆಂಪು ತಿಳಿ ಬಳಿದು, ಅದರ ಮೇಲೆ ಚಿತ್ರ ಬರೆದರು. ಮೇಲಿನಿಂದ ನೋಡಿದರೆ ಅಥೆನ್ಸಿನದೇ ಎನ್ನಬೇಕು. ಅಂಚು ಮುರಿದರೆ ಹೊರಗೆ ತೆಳ್ಳನೆಯ ಕೆಂಪು ಗೆರೆ, ಒಳಗೆಲ್ಲ ಮಾಸಲು ಹಳದಿ. ಚಿತ್ರ ಮತ್ತು ಮಣ್ಣನ್ನು ಜೊತೆಗಿಟ್ಟು ಓದಿದಾಗ ಮಾತ್ರ ಆ ಪೈಪೋಟಿ ಕಾಣುತ್ತದೆ. ನನಗಂತೂ ಇದು ಚಿತ್ರಕ್ಕಿಂತ ದೊಡ್ಡ ಸುದ್ದಿ.

ನೋಡುವಾಗ ಹಳೆಯ ಅಂಚನ್ನು ನಂಬಬೇಡಿ, ಅದಕ್ಕೆ ನೆಲದ ಕೊಳೆ ಹತ್ತಿರುತ್ತದೆ. ಅನುಮತಿ ಇದ್ದರೆ ಇಕ್ಕಳದಿಂದ ಚಿಕ್ಕ ಹೊಸ ಅಂಚು ಮುರಿದು, 10 ಪಟ್ಟು ಹಿಗ್ಗಿಸುವ ಮಸೂರದಲ್ಲಿ ಕಣಗಳನ್ನು ನೋಡಿ. ನಾಕ್ಸೋಸ್ ದ್ವೀಪದ ಮಣ್ಣಾದರೆ ಕಾಗೆಬಂಗಾರ ಮಿನುಗುತ್ತದೆ. ಬಣ್ಣವೊಂದನ್ನೇ ನೆಚ್ಚಿದರೆ ಮೋಸ ಹೋಗುತ್ತೀರಿ, ಸುಟ್ಟ ರೀತಿ ಬದಲಾದರೆ ಅದೇ ಮಣ್ಣು ಬೂದುಬಣ್ಣಕ್ಕೂ ತಿರುಗುತ್ತದೆ. ಒರಟು ಮಡಕೆಯಾದರೆ 0.03 ಮಿಲಿಮೀಟರ್‌ಗೆ ತೆಳುವಾಗಿ ಉಜ್ಜಿದ ಸೀಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಕಲ್ಲಿನ ಜಾತಿ ಗುರುತಿಸಬಹುದು. ನುಣುಪಾದ ಚಿತ್ರದ ಮಡಕೆಯಲ್ಲಿ ಅಂಥ ಕಣಗಳೇ ವಿರಳ. ಅದಕ್ಕೆ ರಾಸಾಯನಿಕ ವಿಶ್ಲೇಷಣೆಯೇ ಆಗಬೇಕು.